ಅಳೆಯದೆ ಬರೆದ ಎಲ್‌ಡಿಎಲ್

ಮನೆಯಲ್ಲಿ ಯಾರದಾದರೂ ಲಿಪಿಡ್ ಪ್ರೊಫೈಲ್ ರಿಪೋರ್ಟ್ ಇದ್ದರೆ ಎತ್ತಿಕೊಂಡು ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಟ್ರೈಗ್ಲಿಸರೈಡ್ ಎದುರಿನ ಸಂಖ್ಯೆಯನ್ನು ಐದರಿಂದ ಭಾಗಿಸಿ. ಬಹಳಷ್ಟು ರಿಪೋರ್ಟುಗಳಲ್ಲಿ ಬರುವ ಉತ್ತರ, ವಿಎಲ್‌ಡಿಎಲ್ ಎದುರು ಅಚ್ಚಾಗಿರುವ ಸಂಖ್ಯೆಯೇ. ಆಮೇಲೆ ಎಚ್‌ಡಿಎಲ್, ಎಲ್‌ಡಿಎಲ್, ವಿಎಲ್‌ಡಿಎಲ್ ಮೂರನ್ನೂ ಕೂಡಿ. ಒಟ್ಟು ಕೊಲೆಸ್ಟ್ರಾಲ್ ಕರಾರುವಾಕ್ಕಾಗಿ ಸಿಗುತ್ತದೆ. ಒಟ್ಟು 200, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಇದ್ದರೆ ವಿಎಲ್‌ಡಿಎಲ್ 30, ಎಲ್‌ಡಿಎಲ್ 130. ಬೇರೆ ಬೇರೆಯಾಗಿ ಅಳೆದ ಸಂಖ್ಯೆಗಳು ಹೀಗೆ ಒಂದು ಕೂದಲೂ ಆಚೀಚೆಯಾಗದೆ ತಾಳೆಯಾಗುವುದುಂಟೇ? ಇಲ್ಲ. ಐದು ಸಾಲುಗಳಲ್ಲಿ ಲ್ಯಾಬಿನವರು ಅಳೆದದ್ದು ಮೂರನ್ನು ಮಾತ್ರ. ಉಳಿದೆರಡನ್ನು ಕಂಪ್ಯೂಟರ್ ಭಾಗಿಸಿ, ಕಳೆದು ತುಂಬಿದೆ.

ಆ ಎರಡರಲ್ಲಿ ವಿಎಲ್‌ಡಿಎಲ್ ಕಡೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್‌ಡಿಎಲ್ ಹಾಗಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುಮಾಡಬೇಕೇ, ಹತ್ತು ಮಿಲಿಗ್ರಾಂ ಸಾಕೇ, ನಲವತ್ತಕ್ಕೆ ಏರಿಸಬೇಕೇ, ಜೊತೆಗೆ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸಬೇಕೇ, ಅದೂ ಸಾಲದೆ ದುಬಾರಿ ಇಂಜೆಕ್ಷನ್ನಿಗೆ ಹೋಗಬೇಕೇ ಎಂಬ ತೀರ್ಮಾನಗಳೆಲ್ಲ ನಿಂತಿರುವುದು ಅದರ ಮೇಲೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದದ್ದು ಎಲ್ಲರಿಗೂ ನೆನಪಿದೆ. ಎದೆನೋವು ಇಲ್ಲದವರ ಕೈಯಲ್ಲೂ ಈಗ ಲಿಪಿಡ್ ರಿಪೋರ್ಟ್ ಇದೆ. ಹಾಗಿರುವಾಗ ಆ ಸಂಖ್ಯೆ ಹೇಗೆ ಹುಟ್ಟುತ್ತದೆ, ಎಲ್ಲಿ ನಂಬಬಹುದು, ಎಲ್ಲಿ ಅನುಮಾನಿಸಬೇಕು ಎಂಬುದು ವೈದ್ಯರಿಗೆ ಬಿಟ್ಟ ವಿಷಯವಾಗಿ ಉಳಿದಿಲ್ಲ.

ಕೊಲೆಸ್ಟ್ರಾಲ್ ಎಂಬ ಅಣು ಒಂದೇ. ಒಳ್ಳೆಯದು, ಕೆಟ್ಟದ್ದು ಎಂಬ ಎರಡು ಜಾತಿ ಅದರಲ್ಲಿಲ್ಲ. ನೀರಿನಲ್ಲಿ ಕರಗದ ಈ ಜಿಡ್ಡು ರಕ್ತದಲ್ಲಿ ಓಡಾಡಬೇಕಾದರೆ ಪ್ರೋಟೀನ್ ಸುತ್ತಿಕೊಂಡ ಕಣಗಳೊಳಗೆ ಸೇರಿಯೇ ಹೋಗಬೇಕು. ಉಂಡ ಊಟದ ಕೊಬ್ಬನ್ನು ಕರುಳಿನಿಂದ ಹೊತ್ತು ತರುವ ಕಣಗಳು ಕೈಲೋಮೈಕ್ರಾನ್. ಯಕೃತ್ತು ಕಟ್ಟಿ ಕಳಿಸುವ ಕಣಗಳು ವಿಎಲ್‌ಡಿಎಲ್. ಇವುಗಳ ಹೊಟ್ಟೆಯಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಕೊಲೆಸ್ಟ್ರಾಲ್ ಕಡಿಮೆ. ದಾರಿಯುದ್ದಕ್ಕೂ ಸ್ನಾಯುಗಳಿಗೆ, ಕೊಬ್ಬಿನ ಕೋಶಗಳಿಗೆ ಟ್ರೈಗ್ಲಿಸರೈಡ್ ಇಳಿಸುತ್ತ ಹೋದಂತೆ ವಿಎಲ್‌ಡಿಎಲ್ ಕುಗ್ಗಿ ಐಡಿಎಲ್ ಆಗುತ್ತದೆ, ಇನ್ನೂ ಕುಗ್ಗಿ ಎಲ್‌ಡಿಎಲ್ ಆಗುತ್ತದೆ. ರಕ್ತನಾಳದ ಗೋಡೆಯೊಳಕ್ಕೆ ನುಸುಳಿ ಅಲ್ಲೇ ಕಚ್ಚಿಕೊಂಡು ಕೂರುವ ಚಾಳಿ ಇರುವುದು ಈ ಬಳಗಕ್ಕೆ. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ನಿಸರ್ಗ ಬೇಲಿ ಹಾಕಿಲ್ಲ. ಬೇಲಿ ಹಾಕಿದವರು ನಾವು, ಅದೂ ಸಾಂದ್ರತೆಯ ಆಧಾರದಲ್ಲಿ: 1.006ಕ್ಕಿಂತ ಹಗುರಾದದ್ದು ವಿಎಲ್‌ಡಿಎಲ್, 1.019ರವರೆಗೆ ಐಡಿಎಲ್, 1.063ರವರೆಗೆ ಎಲ್‌ಡಿಎಲ್, ಅದಕ್ಕಿಂತ ಭಾರದ್ದು ಎಚ್‌ಡಿಎಲ್.

ಸಾಂದ್ರತೆಯಲ್ಲಿ ಗುರುತಿಸಿದ್ದನ್ನು ಸಾಂದ್ರತೆಯಿಂದಲೇ ಬೇರ್ಪಡಿಸಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾನ್ ಗಾಫ್‌ಮನ್ 1940ರ ದಶಕದ ಕೊನೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಯುದ್ಧಕಾಲದಲ್ಲಿ ಅಣುಬಾಂಬ್ ಯೋಜನೆಗಾಗಿ ಪ್ಲುಟೋನಿಯಂ ಬೇರ್ಪಡಿಸಿದ್ದ ಮನುಷ್ಯ, ಆಮೇಲೆ ರಕ್ತದ ಕೊಬ್ಬನ್ನು ಬೇರ್ಪಡಿಸಲು ಕೂತರು. ಅವರ ಸಾಧನ ಅಲ್ಟ್ರಾಸೆಂಟ್ರಿಫ್ಯೂಜ್: ಭೂಮಿಯ ಗುರುತ್ವದ ಲಕ್ಷ ಪಟ್ಟಿಗೂ ಮೀರಿದ ಬಲದಲ್ಲಿ ಪ್ಲಾಸ್ಮಾವನ್ನು ತಿರುಗಿಸುವ ಯಂತ್ರ. ಇಂದಿಗೂ ಎಲ್‌ಡಿಎಲ್ ಅಳತೆಯ ಒರೆಗಲ್ಲು ಅಲ್ಲಿಂದ ಬಂದ ಬೀಟಾ ಕ್ವಾಂಟಿಫಿಕೇಶನ್ ವಿಧಾನವೇ. ಪ್ಲಾಸ್ಮಾವನ್ನು ಸುಮಾರು ಹದಿನೆಂಟು ಗಂಟೆ ತಿರುಗಿಸಿ, ಮೇಲೆ ತೇಲಿದ ವಿಎಲ್‌ಡಿಎಲ್ ಪದರವನ್ನು ತೆಗೆದುಹಾಕಿ, ತಳದಲ್ಲಿ ಉಳಿದದ್ದರ ಕೊಲೆಸ್ಟ್ರಾಲ್ ಅಳೆದು, ಎಚ್‌ಡಿಎಲ್ ಪಾಲನ್ನು ಕಳೆಯುವುದು. ಹೌದು, ಒರೆಗಲ್ಲಿನಲ್ಲೂ ಒಂದು ಕಳೆಯುವ ಲೆಕ್ಕ ಇದ್ದೇ ಇದೆ. ಅದರಲ್ಲಿ ಐಡಿಎಲ್ ಕೂಡ, ಲೈಪೋಪ್ರೋಟೀನ್-ಎ ಎಂಬ ಇನ್ನೊಂದು ಕಣವೂ ಎಲ್‌ಡಿಎಲ್ ಹೆಸರಿನಲ್ಲೇ ಸೇರಿಬಿಡುತ್ತವೆ. ಯಂತ್ರ ದುಬಾರಿ, ನುರಿತ ಕೈ ಬೇಕು, ಒಂದು ದಿನಕ್ಕೆ ಬೆರಳೆಣಿಕೆಯ ಮಾದರಿಗಳಷ್ಟೇ ಮುಗಿಯುತ್ತವೆ. ತಾಲ್ಲೂಕು ಕೇಂದ್ರದ ಲ್ಯಾಬಿನ ಮಾತಿರಲಿ, ದೊಡ್ಡ ಆಸ್ಪತ್ರೆಗಳಲ್ಲೂ ಇದು ನಡೆಯುವ ಕೆಲಸವಲ್ಲ.

ಈ ಇಕ್ಕಟ್ಟನ್ನು ಬಿಡಿಸಿದ್ದು 1972ರಲ್ಲಿ ವಿಲಿಯಂ ಫ್ರೀಡ್‌ವಾಲ್ಡ್, ರಾಬರ್ಟ್ ಲೆವಿ, ಡೊನಾಲ್ಡ್ ಫ್ರೆಡ್ರಿಕ್ಸನ್ ಮೂವರು ಬರೆದ ಪುಟ್ಟ ಪ್ರಬಂಧ. ಮೂವರೂ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು. ಫ್ರೆಡ್ರಿಕ್ಸನ್ ಮತ್ತು ಲೆವಿ 1967ರಲ್ಲೇ ರಕ್ತದ ಕೊಬ್ಬಿನ ಏರುಪೇರುಗಳನ್ನು ಐದು ಬಗೆಗಳಾಗಿ ವಿಂಗಡಿಸಿದ್ದರು. ಆ ವಿಂಗಡಣೆ ಆಸ್ಪತ್ರೆಗಳಲ್ಲಿ ಬಳಕೆಗೆ ಬರಬೇಕಾದರೆ ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲದವರಿಗೂ ಎಲ್‌ಡಿಎಲ್ ಸಿಗಬೇಕಿತ್ತು. 448 ಮಂದಿಯ ರಕ್ತವನ್ನು ಯಂತ್ರದಲ್ಲಿ ಅಳೆದು ನೋಡಿದಾಗ, ಖಾಲಿ ಹೊಟ್ಟೆಯಲ್ಲಿದ್ದವರ ವಿಎಲ್‌ಡಿಎಲ್ ಕಣಗಳಲ್ಲಿ ಟ್ರೈಗ್ಲಿಸರೈಡಿಗೂ ಕೊಲೆಸ್ಟ್ರಾಲಿಗೂ ಇರುವ ಪ್ರಮಾಣ ಹೆಚ್ಚುಕಡಿಮೆ ಐದಕ್ಕೊಂದು ಎಂದು ಕಂಡಿತು. ಹಾಗಾದರೆ ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನು ವಿಎಲ್‌ಡಿಎಲ್ ಎಂದುಕೊಂಡು, ಅದನ್ನೂ ಎಚ್‌ಡಿಎಲ್ಲನ್ನೂ ಒಟ್ಟು ಕೊಲೆಸ್ಟ್ರಾಲಿನಿಂದ ಕಳೆದರೆ ಉಳಿದದ್ದು ಎಲ್‌ಡಿಎಲ್. ಐವತ್ತು ವರ್ಷ ದಾಟಿದರೂ ಜಗತ್ತಿನ ಅನೇಕ ಲ್ಯಾಬುಗಳ ಸಾಫ್ಟ್‌ವೇರಿನಲ್ಲಿ ಕೂತಿರುವುದು ಇದೇ ಒಂದು ಸಾಲು.

ಲೇಖಕರು ತಮ್ಮ ಸೂತ್ರದ ಬಗ್ಗೆ ಬಡಾಯಿ ಕೊಚ್ಚಿಕೊಳ್ಳಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಟ್ರೈಗ್ಲಿಸರೈಡ್ 400 ಮೀರಿದವರಿಗೆ, ರಕ್ತದಲ್ಲಿ ಕೈಲೋಮೈಕ್ರಾನ್ ಇರುವವರಿಗೆ, ತಮ್ಮದೇ ವಿಂಗಡಣೆಯ ಮೂರನೇ ಬಗೆಯವರಿಗೆ ಇದು ಸಲ್ಲದು ಎಂದು ಅವರೇ ಗೆರೆ ಎಳೆದಿದ್ದರು. ಐದರ ಭಾಗಾಕಾರದಿಂದ ಬರುವ ವಿಎಲ್‌ಡಿಎಲ್ ಅಷ್ಟೇನೂ ನಿಖರವಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಆದರೆ ಎಲ್‌ಡಿಎಲ್ ದೊಡ್ಡದು, ವಿಎಲ್‌ಡಿಎಲ್ ಚಿಕ್ಕದು. ಚಿಕ್ಕದರಲ್ಲಾದ ತಪ್ಪು ದೊಡ್ಡದನ್ನು ಹೆಚ್ಚು ಕೆಡಿಸದು ಎಂಬುದು ಅವರ ಭರವಸೆ. ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್ ಮೇಲೆ ಕಬ್ಬು ತುಂಬಿದ ಲಾರಿಯನ್ನು ತೂಗಿ, ಖಾಲಿ ಲಾರಿಯ ತೂಕವನ್ನು ಅಂದಾಜಿನಲ್ಲಿ ಕಳೆದರೂ ಹದಿನೈದು ಟನ್ ಕಬ್ಬಿನ ಲೆಕ್ಕ ತೀರಾ ಹಳಿ ತಪ್ಪುವುದಿಲ್ಲ. ಲಾರಿಯಲ್ಲಿ ಇದ್ದದ್ದೇ ನಾಲ್ಕು ಹೊರೆ ಎಂದಾಗ ಅದೇ ಅಂದಾಜು ಲೆಕ್ಕವನ್ನೇ ನುಂಗಿಬಿಡುತ್ತದೆ.

ಎಲ್‌ಡಿಎಲ್ ಲಾರಿಯ ಹೊರೆ ಇಳಿಯುತ್ತ ಬಂದದ್ದು ಆಮೇಲಿನ ಕಥೆ. 1970ರ ದಶಕದಲ್ಲಿ ವೈದ್ಯರು ಕೇಳುತ್ತಿದ್ದ ಪ್ರಶ್ನೆ ಒರಟಾಗಿತ್ತು: ಈ ಮನುಷ್ಯನ ಎಲ್‌ಡಿಎಲ್ 130ರ ಹತ್ತಿರವೋ, 200 ದಾಟಿದೆಯೋ? ಅದಕ್ಕೆ ಫ್ರೀಡ್‌ವಾಲ್ಡ್ ಸೂತ್ರ ಧಾರಾಳವಾಗಿ ಸಾಕು. 1985ರಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ ಎಲ್‌ಡಿಎಲ್ ಗ್ರಾಹಿಯ ಮೇಲಿನ ಕೆಲಸಕ್ಕೆ ನೊಬೆಲ್ ಬಂತು. 1987ರಲ್ಲಿ ಮೊದಲ ಸ್ಟ್ಯಾಟಿನ್ ಅಮೆರಿಕದ ಮಾರುಕಟ್ಟೆಗೆ ಇಳಿಯಿತು. 1988ರ ಅಮೆರಿಕನ್ ಮಾರ್ಗಸೂಚಿ 160 ದಾಟಿದರೆ ಹೆಚ್ಚು ಎಂದಿತು. 2001ರದ್ದು ಹೃದ್ರೋಗಿಗಳಿಗೆ 100ಕ್ಕಿಂತ ಕೆಳಗೆ ಎಂದಿತು. 2004ರಲ್ಲಿ 70 ಎಂಬ ಮಾತು ಬಂತು. 2015ರಲ್ಲಿ ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಇಂಜೆಕ್ಷನ್‌ಗಳು ಬಂದಮೇಲೆ ಎಲ್‌ಡಿಎಲ್ ಮೂವತ್ತಕ್ಕೆ ಇಳಿಯುವುದೂ ಸಾಮಾನ್ಯವಾಯಿತು. 2019ರ ಯುರೋಪಿನ ಮಾರ್ಗಸೂಚಿ ತೀರಾ ಹೆಚ್ಚು ಅಪಾಯದವರಿಗೆ 55 ಎಂದರೆ, ನಮ್ಮ ಲಿಪಿಡ್ ಅಸೋಸಿಯೇಷನ್ ಆಫ್ ಇಂಡಿಯಾ ಅತಿ ಹೆಚ್ಚು ಅಪಾಯದ ಗುಂಪಿಗೆ 50, ಅವರಲ್ಲೂ ಕೆಲವರಿಗೆ 30 ಎಂಬ ಗುರಿ ಇಟ್ಟಿದೆ. 1972ರ ಸೂತ್ರ ಹಾಳಾಗಿಲ್ಲ. ಅದನ್ನು ಕೇಳುತ್ತಿರುವ ಪ್ರಶ್ನೆ ಬದಲಾಗಿದೆ. ಅದು ಯಾವತ್ತೂ ಹೊರದಿದ್ದ ಭಾರವನ್ನು ನಾವು ಅದರ ತಲೆಮೇಲೆ ಹೊರಿಸಿದ್ದೇವೆ ಎಂಬುದು ನನ್ನ ತಕರಾರು.

ಎರಡು ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ ಕಲ್ಪಿತ, ಆದರೆ ಯಾವ ಲ್ಯಾಬಿನಲ್ಲೂ ಸಿಗುವಂಥವು. ಮೊದಲನೆಯದು ಆಗಲೇ ಹೇಳಿದ 200, 40, 150. ಫ್ರೀಡ್‌ವಾಲ್ಡ್ ಉತ್ತರ 130. ಎರಡನೆಯದು ಸ್ಟೆಂಟ್ ಹಾಕಿಸಿಕೊಂಡು ಮಾತ್ರೆ ನುಂಗುತ್ತಿರುವ ಮಧುಮೇಹಿಯದು: ಒಟ್ಟು 140, ಎಚ್‌ಡಿಎಲ್ 35, ಟ್ರೈಗ್ಲಿಸರೈಡ್ 280. 280ರ ಐದನೇ ಒಂದು ಪಾಲು 56. 140ರಿಂದ 35 ಮತ್ತು 56 ಕಳೆದರೆ 49. ಗುರಿ 55 ಎಂದಾದರೆ ಗೆದ್ದಂತೆ. ವೈದ್ಯರು ಬೆನ್ನು ತಟ್ಟಿ ಅದೇ ಮಾತ್ರೆ ಮುಂದುವರಿಸಲು ಹೇಳಿ ಕಳಿಸುತ್ತಾರೆ. ಆದರೆ ಇಲ್ಲಿ ಕಳೆದ 56, ಉಳಿದ 49ಕ್ಕಿಂತ ದೊಡ್ಡದು. ಚಿಕ್ಕದರ ತಪ್ಪು ದೊಡ್ಡದನ್ನು ಕೆಡಿಸದು ಎಂಬ ಭರವಸೆ ಇಲ್ಲಿ ತಲೆಕೆಳಗಾಗಿದೆ.

ತಪ್ಪು ಯಾವ ಕಡೆಗೆ ವಾಲುತ್ತದೆ ಎಂಬುದೂ ಮುಖ್ಯ. ಐದು ಎಂಬುದು ಸ್ಥಿರಾಂಕವಲ್ಲ, ಸರಾಸರಿ. ಟ್ರೈಗ್ಲಿಸರೈಡ್ ಏರಿದಂತೆ ವಿಎಲ್‌ಡಿಎಲ್ ಕಣಗಳು ಊದಿಕೊಳ್ಳುತ್ತವೆ, ಅವುಗಳಲ್ಲಿ ಟ್ರೈಗ್ಲಿಸರೈಡಿನ ಪಾಲು ಇನ್ನೂ ಹೆಚ್ಚುತ್ತದೆ. ಆಗ ನಿಜವಾದ ಭಾಜಕ ಆರೋ ಏಳೋ ಎಂಟೋ ಆಗಿರುತ್ತದೆ. ಐದರಿಂದಲೇ ಭಾಗಿಸಿದರೆ ವಿಎಲ್‌ಡಿಎಲ್ ಇರುವುದಕ್ಕಿಂತ ಹೆಚ್ಚಾಗಿ, ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಅಂದರೆ ಟ್ರೈಗ್ಲಿಸರೈಡ್ ಹೆಚ್ಚಿರುವ, ಎಲ್‌ಡಿಎಲ್ ಇಳಿಸಿಕೊಂಡಿರುವ ರೋಗಿಗೆ, ಚಿಕಿತ್ಸೆ ಎಲ್ಲರಿಗಿಂತ ಹೆಚ್ಚು ಬಿಗಿಯಾಗಿರಬೇಕಾದವನಿಗೇ, ಈ ಸೂತ್ರ ಸುಳ್ಳು ಸಮಾಧಾನ ಹೇಳುತ್ತದೆ. ಇನ್ನೂ ಮೇಲೆ ಹೋದರೆ ಹಾಸ್ಯಾಸ್ಪದ: ಒಟ್ಟು 180, ಎಚ್‌ಡಿಎಲ್ 30, ಟ್ರೈಗ್ಲಿಸರೈಡ್ 900 ಇದ್ದವರ ಎಲ್‌ಡಿಎಲ್ ಸೊನ್ನೆಗಿಂತ 30 ಕೆಳಗೆ ಬರುತ್ತದೆ. ಮೂರನೇ ಬಗೆಯ ಕಾಯಿಲೆಯಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಅರ್ಧ ಜೀರ್ಣವಾಗಿ ಉಳಿದ ಕಣಗಳಲ್ಲಿ ಕೊಲೆಸ್ಟ್ರಾಲ್ ತುಂಬಿರುವುದರಿಂದ ಎಲ್‌ಡಿಎಲ್ ಇಲ್ಲದ ಎತ್ತರಕ್ಕೆ ಏರಿದಂತೆ ತೋರುತ್ತದೆ. ಅದು ಅಪರೂಪದ ಕಾಯಿಲೆ. ನಮ್ಮ ಚಿಂತೆ ಎಲ್‌ಡಿಎಲ್ಲನ್ನು ಕಡಿಮೆ ತೋರಿಸುವ ತಪ್ಪಿನದ್ದು.

ಇದರ ಮೇಲೆ ಅಳತೆಯದೇ ಏರುಪೇರು. ಅಮೆರಿಕದ ರಾಷ್ಟ್ರೀಯ ಕೊಲೆಸ್ಟ್ರಾಲ್ ಶಿಕ್ಷಣ ಕಾರ್ಯಕ್ರಮ ಲ್ಯಾಬುಗಳಿಗೆ ಒಟ್ಟು ಕೊಲೆಸ್ಟ್ರಾಲಿನಲ್ಲಿ ಶೇ. 3, ಎಚ್‌ಡಿಎಲ್‌ನಲ್ಲಿ ಶೇ. 4, ಟ್ರೈಗ್ಲಿಸರೈಡಿನಲ್ಲಿ ಶೇ. 5ರಷ್ಟು ಚಂಚಲತೆಗೆ ಮಾಫಿ ಕೊಟ್ಟಿತ್ತು. ಈ ಮೂರನ್ನೂ ನಮ್ಮ ಮೊದಲ ರಿಪೋರ್ಟಿಗೆ ಹಾಕಿದರೆ 130ರ ಎಲ್‌ಡಿಎಲ್‌ನಲ್ಲಿ ಸುಮಾರು ಶೇ. 5ರ ಅಲುಗಾಟ. ಎರಡನೆಯದರ 49ರಲ್ಲಿ ಅದು ಶೇ. 10 ದಾಟುತ್ತದೆ. ಯಂತ್ರ, ರಾಸಾಯನಿಕ, ಕೈ ಎಲ್ಲವೂ ನೆಟ್ಟಗಿದ್ದಾಗಿನ ಮಾತಿದು. ಇನ್ನು ಟ್ರೈಗ್ಲಿಸರೈಡ್ ಎಂಬುದು ಸ್ವಭಾವತಃ ಚಂಚಲ. ಅದೇ ಮನುಷ್ಯನಲ್ಲಿ ಒಂದು ವಾರದಿಂದ ಇನ್ನೊಂದು ವಾರಕ್ಕೆ ಶೇ. 20ರಷ್ಟು ಆಚೀಚೆ ಆಗುವುದು ಏನೇನೂ ವಿಶೇಷವಲ್ಲ. 280 ಇದ್ದದ್ದು 224 ಆದರೆ, ಉಳಿದೆರಡು ಕದಲದಿದ್ದರೂ, ಎಲ್‌ಡಿಎಲ್ 60. 336 ಆದರೆ 38. ಹಿಂದಿನ ರಾತ್ರಿ ಯಾರ ಮನೆಯ ಬೀಗರ ಊಟವಿತ್ತು ಎಂಬುದು ಎಲ್‌ಡಿಎಲ್ ಸಾಲಿನಲ್ಲಿ ಬಂದು ಕೂತಂತಾಯಿತು.

ಸೂತ್ರವನ್ನು ತಿದ್ದುವ ಪ್ರಯತ್ನ ಬೇಗನೆ ಶುರುವಾಯಿತು. 1986ರಲ್ಲಿ ಡಿಲಾಂಗ್ ಮತ್ತು ಸಂಗಡಿಗರು ಐದರ ಬದಲು ಸುಮಾರು ಆರರಿಂದ ಭಾಗಿಸಿ ಎಂದರು. 2005ರಲ್ಲಿ ದೆಹಲಿಯ ಏಮ್ಸ್‌ನ ಆನಂದರಾಜ ಮತ್ತು ಸಹೋದ್ಯೋಗಿಗಳು ಭಾರತೀಯರ ರಕ್ತವನ್ನೇ ಇಟ್ಟುಕೊಂಡು ಎಚ್‌ಡಿಎಲ್ ಅಳೆಯುವ ಖರ್ಚೇ ಬೇಡದ ಸೂತ್ರ ಕಟ್ಟಿದರು: ಒಟ್ಟು ಕೊಲೆಸ್ಟ್ರಾಲಿನಿಂದ ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು ಕಳೆದು, ಬಂದದ್ದರ ಹತ್ತನೇ ಒಂಬತ್ತು ಪಾಲಿನಿಂದ 28 ಕಳೆಯುವುದು. 2013ರಲ್ಲಿ ಬ್ರೆಜಿಲ್‌ನಿಂದ ಇನ್ನೂ ಸರಳವಾದದ್ದು ಬಂತು. ಒಟ್ಟರಲ್ಲಿ ಎಚ್‌ಡಿಎಲ್ ಕಳೆದು ಮುಕ್ಕಾಲು ಪಾಲು ತೆಗೆದುಕೊಳ್ಳಿ, ಟ್ರೈಗ್ಲಿಸರೈಡಿನ ಗೊಡವೆಯೇ ಬೇಡ ಎನ್ನುವ ಸೂತ್ರ. ಹೀಗೆ ಹತ್ತಾರು ದೇಶಗಳಿಂದ ಹತ್ತಾರು ಸೂತ್ರಗಳು. ಬಹುಪಾಲು ತಮ್ಮೂರಿನ ಕೆಲವು ನೂರು, ಕೆಲವು ಸಾವಿರ ಮಾದರಿಗಳ ಮೇಲೆ ಕಟ್ಟಿದವು, ಬೇರೆ ಊರಿಗೆ ಹೋದೊಡನೆ ಎಡವಿದವು. ಅನೇಕವು ಒರೆಗೆ ಹಚ್ಚಿದ್ದು ಅಲ್ಟ್ರಾಸೆಂಟ್ರಿಫ್ಯೂಜಿಗಲ್ಲ, ಲ್ಯಾಬಿನ ‘ಡೈರೆಕ್ಟ್’ ಪರೀಕ್ಷೆಗೆ. ಅದರ ಹಣೆಬರಹ ಮುಂದೆ ನೋಡೋಣ.

ನಿಜವಾಗಿ ದಾರಿ ಬದಲಿಸಿದವು ಎರಡು. 2013ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಸೆತ್ ಮಾರ್ಟಿನ್ ತಂಡ ಹದಿಮೂರೂವರೆ ಲಕ್ಷ ಅಮೆರಿಕನ್ ಮಾದರಿಗಳನ್ನು ಜರಡಿ ಹಿಡಿಯಿತು. ಒಂದೇ ಭಾಜಕದ ಹಟ ಬಿಟ್ಟು ಅವರು 180 ಮನೆಗಳ ಕೋಷ್ಟಕ ಮಾಡಿದರು. ಒಂದು ಬದಿಗೆ ಟ್ರೈಗ್ಲಿಸರೈಡ್, ಇನ್ನೊಂದು ಬದಿಗೆ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ ಉಳಿಯುವ ‘ನಾನ್-ಎಚ್‌ಡಿಎಲ್’. ಎರಡೂ ಕೂಡುವ ಮನೆಯಲ್ಲಿ ಬರೆದಿರುವುದೇ ನಿಮ್ಮ ಭಾಜಕ. ಆ ಮನೆಗಳಲ್ಲಿ 3.1ರಿಂದ 11.9ರವರೆಗೆ ಸಂಖ್ಯೆಗಳಿವೆ ಎಂದರೆ ‘ಐದು’ ಎಷ್ಟು ಮಂದಿಗೆ ಹೊಂದದ ಅಂಗಿಯಾಗಿತ್ತು ಎಂದು ಗೊತ್ತಾಗುತ್ತದೆ. ಅಂದಾಜು ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಟ್ರೈಗ್ಲಿಸರೈಡ್ 200ರಿಂದ 399ರೊಳಗೆ ಇದ್ದವರಲ್ಲಿ ಫ್ರೀಡ್‌ವಾಲ್ಡ್ ಉತ್ತರ ಅಳತೆಯೊಂದಿಗೆ ಹೊಂದಿದ್ದು ಶೇ. 40.3ರಷ್ಟು ಮಂದಿಗೆ ಮಾತ್ರ. ಹೊಸ ಕೋಷ್ಟಕದ್ದು ಶೇ. 84ಕ್ಕೆ. ಇಡೀ ಚರ್ಚೆಯಲ್ಲಿ ಒಂದೇ ಒಂದು ಅಂಕಿ ನೆನಪಿಟ್ಟುಕೊಳ್ಳಿ ಎಂದರೆ ನಾನು ಈ 40.3ನ್ನು ಹೇಳುತ್ತೇನೆ.

ಎರಡನೆಯದು, ಫ್ರೀಡ್‌ವಾಲ್ಡ್ ಸೂತ್ರ ಹುಟ್ಟಿದ ಅದೇ ಬೆಥೆಸ್ಡಾದಿಂದ 2020ರಲ್ಲಿ ಬಂತು. ಮೊರೀನ್ ಸ್ಯಾಂಪ್ಸನ್, ಅಲನ್ ರೆಮಾಲಿ ಮತ್ತು ಜೊತೆಗಾರರು 8,656 ರೋಗಿಗಳ ಬೀಟಾ ಕ್ವಾಂಟಿಫಿಕೇಶನ್ ದಾಖಲೆಗಳನ್ನು ತೆಗೆದು ಹೊಸ ಸಮೀಕರಣ ಕೊಟ್ಟರು. ಒಟ್ಟು ಕೊಲೆಸ್ಟ್ರಾಲನ್ನು 0.948ರಿಂದ ಭಾಗಿಸಿ, ಎಚ್‌ಡಿಎಲ್ಲನ್ನು 0.971ರಿಂದ ಭಾಗಿಸಿ ಅದರಿಂದ ಕಳೆಯಿರಿ. ವಿಎಲ್‌ಡಿಎಲ್ ಪಾಲಿಗೆ ಮೂರು ತುಂಡು: ಟ್ರೈಗ್ಲಿಸರೈಡಿನ 8.56ನೇ ಒಂದು ಪಾಲು, ಟ್ರೈಗ್ಲಿಸರೈಡನ್ನು ನಾನ್-ಎಚ್‌ಡಿಎಲ್‌ನಿಂದ ಗುಣಿಸಿ 2,140ರಿಂದ ಭಾಗಿಸಿದ್ದು, ಇವೆರಡರ ಮೊತ್ತದಿಂದ ಟ್ರೈಗ್ಲಿಸರೈಡಿನ ವರ್ಗವನ್ನು 16,100ರಿಂದ ಭಾಗಿಸಿದ್ದನ್ನು ಕಳೆಯುವುದು. ಬಂದದ್ದನ್ನು, ಜೊತೆಗೆ 9.44ನ್ನು ಕಳೆದರೆ ಎಲ್‌ಡಿಎಲ್. ನೋಡಲು ತಲೆಸುತ್ತು, ಆದರೆ ಒಳಗಿನ ಮಾತು ಸರಳ: ಟ್ರೈಗ್ಲಿಸರೈಡ್ ಹೆಚ್ಚಿದಂತೆ ವಿಎಲ್‌ಡಿಎಲ್ ಕೊಲೆಸ್ಟ್ರಾಲ್ ಅದೇ ಓಟದಲ್ಲಿ ಹೆಚ್ಚುವುದಿಲ್ಲ, ಬಾಗುತ್ತದೆ, ವರ್ಗದ ತುಂಡು ಆ ಬಾಗನ್ನು ಹಿಡಿಯುತ್ತದೆ. ಟ್ರೈಗ್ಲಿಸರೈಡ್ 800ರವರೆಗೂ ಇದನ್ನು ಬಳಸಬಹುದು ಎಂದು ಅವರ ಹೇಳಿಕೆ. ಹಾಪ್ಕಿನ್ಸ್ ಬಣವೂ 400ರಿಂದ 799ರವರೆಗಿನವರಿಗೆ ತಮ್ಮ ಕೋಷ್ಟಕವನ್ನು ಹಿಗ್ಗಿಸಿತು. ಯಾರದ್ದು ಮೇಲು ಎಂಬ ಜಗಳ ನಿಯತಕಾಲಿಕಗಳಲ್ಲಿ ಇನ್ನೂ ನಡೆದಿದೆ. ಸ್ಯಾಂಪ್ಸನ್ ಸಮೀಕರಣದ ಹಿಂದೆ ಒರೆಗಲ್ಲಿನ ಅಳತೆ ನೇರವಾಗಿ ಇದೆ, ಕೋಷ್ಟಕ ಇಟ್ಟುಕೊಳ್ಳುವ ತಾಪತ್ರಯವಿಲ್ಲ, ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಸಾಧಾರಣ ಲ್ಯಾಬಿಗೆ ಇದೇ ಸುಲಭ ಎಂದು ನನ್ನ ಅನಿಸಿಕೆ. ಮಾರ್ಟಿನ್ ಬಣದ ಬೆನ್ನಿಗಿರುವುದು ಮಾದರಿಗಳ ಅಗಾಧ ಸಂಖ್ಯೆ. ಇಬ್ಬರ ನಡುವಿನ ಅಂತರ, ಇವರಿಬ್ಬರಿಗೂ ಹಳೆಯ ಸೂತ್ರಕ್ಕೂ ಇರುವ ಅಂತರದ ಮುಂದೆ ಸಣ್ಣದು.

ಈಗ ಆ ಎರಡು ರಿಪೋರ್ಟುಗಳಿಗೆ ಮರಳೋಣ. ಮೊದಲನೆಯದಕ್ಕೆ ಫ್ರೀಡ್‌ವಾಲ್ಡ್ 130, ಸ್ಯಾಂಪ್ಸನ್ 133, ಆನಂದರಾಜ 125, ಬ್ರೆಜಿಲ್‌ನ ಸೂತ್ರ 120. ಯಾವುದನ್ನು ನಂಬಿದರೂ ವೈದ್ಯರ ಸಲಹೆ ಹೆಚ್ಚು ಬದಲಾಗದು. ಎರಡನೆಯದಕ್ಕೆ ಫ್ರೀಡ್‌ವಾಲ್ಡ್ 49, ಆನಂದರಾಜ 48, ಸ್ಯಾಂಪ್ಸನ್ 61, ಬ್ರೆಜಿಲ್ 79. ಮಾರ್ಟಿನ್ ಕೋಷ್ಟಕವೂ 60ರ ಮೇಲೆಯೇ ನಿಲ್ಲುತ್ತದೆ. ಒಂದೇ ರಕ್ತ, ಒಂದೇ ಯಂತ್ರ, ಒಂದೇ ಮುಂಜಾನೆ. ಗುರಿ 55 ಆಗಿದ್ದರೆ ಎರಡು ಸೂತ್ರಗಳ ಪ್ರಕಾರ ಈತ ಪಾಸು, ಉಳಿದವುಗಳ ಪ್ರಕಾರ ಫೇಲು.

ಇಷ್ಟೆಲ್ಲ ಗೋಳು ಏಕೆ, ನೇರವಾಗಿ ಅಳೆದರಾಗದೇ ಎಂದು ಕೇಳಬಹುದು. ‘ಡೈರೆಕ್ಟ್ ಎಲ್‌ಡಿಎಲ್’ ಎಂಬ ಪರೀಕ್ಷೆ 1990ರ ದಶಕದ ಕೊನೆಯಲ್ಲಿ ಜಪಾನಿನ ಕಂಪನಿಗಳಿಂದ ಬಂತು. ಸಾಬೂನಿನಂಥ ರಾಸಾಯನಿಕಗಳಿಂದ ಬೇರೆ ಕಣಗಳನ್ನು ಮರೆಮಾಡಿ, ಎಲ್‌ಡಿಎಲ್‌ನದನ್ನು ಮಾತ್ರ ಕಿಣ್ವಕ್ಕೆ ಒಡ್ಡಿ ಬಣ್ಣ ಬರಿಸುವುದು ಇದರ ಉಪಾಯ. ಹತ್ತು ನಿಮಿಷದ ಕೆಲಸ, ಮಾಮೂಲಿ ಆಟೊ ಅನಲೈಸರ್ ಸಾಕು. ತೊಂದರೆ ಏನೆಂದರೆ ಪ್ರತಿ ಕಂಪನಿಯ ರಾಸಾಯನಿಕ ಬೇರೆ, ಅದು ಯಾವ ಕಣವನ್ನು ಎಲ್‌ಡಿಎಲ್ ಎಂದು ಎಣಿಸುತ್ತದೆ ಎಂಬುದೂ ಬೇರೆ. 2010ರಲ್ಲಿ ಹಲವು ಕಂಪನಿಗಳ ಕಿಟ್‌ಗಳನ್ನು ಅಲ್ಟ್ರಾಸೆಂಟ್ರಿಫ್ಯೂಜ್ ಎದುರು ಒಟ್ಟಿಗೆ ನಿಲ್ಲಿಸಿದ ಅಧ್ಯಯನದಲ್ಲಿ, ಆರೋಗ್ಯವಂತರ ರಕ್ತದಲ್ಲಿ ಹಲವು ಕಿಟ್‌ಗಳು ಪಾಸಾದವು; ಕಾಯಿಲೆಯವರ ರಕ್ತದಲ್ಲಿ ಒಂದೂ ಪಾಸಾಗಲಿಲ್ಲ. ಯಾರಿಗಾಗಿ ನೇರ ಅಳತೆ ಬೇಕಿತ್ತೋ ಅವರಲ್ಲೇ ಅದು ಕೈಕೊಟ್ಟಿತು. ರಿಪೋರ್ಟಿನಲ್ಲಿ ‘ಡೈರೆಕ್ಟ್’ ಎಂದಿದ್ದರೆ ಅದನ್ನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ಅಂಥ ರಿಪೋರ್ಟಿನಲ್ಲಿ ಮೂರು ಸಾಲುಗಳ ಮೊತ್ತ ಒಟ್ಟಿಗೆ ತಾಳೆಯಾಗದೆ ಇರುವುದೂ ಉಂಟು. ಗಾಬರಿಯಾಗುವಂಥದ್ದೇನಲ್ಲ, ವಿಎಲ್‌ಡಿಎಲ್ ಮಾತ್ರ ಇನ್ನೂ ಹಳೆಯ ಐದರ ಲೆಕ್ಕದಲ್ಲೇ ಬರುತ್ತಿರುತ್ತದೆ.

ಖಾಲಿ ಹೊಟ್ಟೆಯ ವಿಚಾರವನ್ನು ಬೇಗ ಮುಗಿಸಬಹುದು. ಹನ್ನೆರಡು ಗಂಟೆ ಉಪವಾಸದ ಕಟ್ಟುಪಾಡು ಫ್ರೀಡ್‌ವಾಲ್ಡ್ ಸೂತ್ರದ ಬೆನ್ನಿಗೇ ಬಂದದ್ದು. ಊಟವಾದ ಮೇಲೆ ಕೈಲೋಮೈಕ್ರಾನ್ ಸೇರಿದರೆ ಐದರ ಲೆಕ್ಕ ಕೆಡುತ್ತದೆ. ಡೆನ್ಮಾರ್ಕ್ 2009ರಿಂದಲೇ ಉಪವಾಸ ಕೈಬಿಟ್ಟಿತು. 2016ರಲ್ಲಿ ಯುರೋಪಿನ ತಜ್ಞರ ಒಮ್ಮತವೂ ಅದಕ್ಕೆ ಬಂತು. ಮಾಮೂಲಿ ಊಟದ ನಂತರ ಟ್ರೈಗ್ಲಿಸರೈಡ್ ಸರಾಸರಿ 26ರಷ್ಟು ಏರಿ, ಎಲ್‌ಡಿಎಲ್ 8ರಷ್ಟು ಇಳಿಯುತ್ತದೆ ಎಂಬುದು ಅಲ್ಲಿನ ಅಂಕಿ. 2024ರಲ್ಲಿ ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಕೂಡ ಉಪವಾಸ ಕಡ್ಡಾಯವಲ್ಲ ಎಂದಿದೆ. ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಬೆಳಗ್ಗೆ ಹತ್ತರವರೆಗೆ ಕಾಫಿಯೂ ಇಲ್ಲದೆ ಲ್ಯಾಬಿನ ಬೆಂಚಿನ ಮೇಲೆ ಕೂರುವುದು ನಿಂತರೆ ಒಳ್ಳೆಯದೇ. ಆದರೆ ಎಲ್‌ಡಿಎಲ್ ಗುರಿ 70ರ ಕೆಳಗಿದ್ದು, ಲ್ಯಾಬು ಹಳೆಯ ಸೂತ್ರವನ್ನೇ ಬಳಸುತ್ತಿದ್ದರೆ ಆ 8ಕ್ಕೂ ಬೆಲೆ ಇದೆ.

ಭಾರತಕ್ಕೆ ಬಂದರೆ ಈ ಚರ್ಚೆಗೆ ಇನ್ನಷ್ಟು ಕಾವು ಬರಬೇಕಿತ್ತು. ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಮೊದಲ ಹಂತ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ನಡೆಯಿತು. 2014ರಲ್ಲಿ ಪ್ರಕಟವಾದ ಅದರ ಲಿಪಿಡ್ ವರದಿಯಲ್ಲಿ ಎಲ್‌ಡಿಎಲ್ ಹೆಚ್ಚಿದ್ದವರು ಶೇ. 11.8, ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ. 29.5, ಎಚ್‌ಡಿಎಲ್ ಕಡಿಮೆಯಿದ್ದವರು ಶೇ. 72.3. ನಮ್ಮವರ ರಕ್ತದ ಚಹರೆಯೇ ಇದು: ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು, ಎಲ್‌ಡಿಎಲ್ ಮೇಲುನೋಟಕ್ಕೆ ಪರವಾಗಿಲ್ಲ. ಫ್ರೀಡ್‌ವಾಲ್ಡ್ ಸೂತ್ರ ಎಲ್‌ಡಿಎಲ್ಲನ್ನು ಕಡಿಮೆ ತೋರಿಸುವುದೂ ಸರಿಯಾಗಿ ಇಂಥ ರಕ್ತದಲ್ಲೇ. ಜೊತೆಗೆ ನಮ್ಮಲ್ಲಿ ಹೃದಯಾಘಾತ ಬೇಗ ಬರುತ್ತದೆ. 40 ದಾಟದವರ ಹೃದ್ರೋಗಕ್ಕೆಂದೇ ಜಯದೇವ ಸಂಸ್ಥೆ ಪ್ರತ್ಯೇಕ ನೋಂದಣಿ ನಡೆಸಿದೆ. ಆದರೂ ನಮ್ಮ ಬಹುತೇಕ ರಿಪೋರ್ಟುಗಳ ಕೆಳಗೆ ಎಲ್‌ಡಿಎಲ್ ಯಾವ ಸೂತ್ರದಿಂದ ಬಂತು ಎಂಬ ಒಂದು ಸಾಲೂ ಇರುವುದಿಲ್ಲ. ಲ್ಯಾಬುಗಳು ವೆಲ್ಲೂರಿನ ಸಿಎಂಸಿ ನಡೆಸುವಂಥ ಹೊರಗಿನ ಗುಣಮಟ್ಟ ಪರಿಶೀಲನೆಗೆ ಮಾದರಿ ತರಿಸಿಕೊಂಡು ಒಟ್ಟು ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಸರಿಯಿವೆಯೇ ಎಂದು ನೋಡಿಕೊಳ್ಳುತ್ತವೆ. ಅಷ್ಟು ಕಷ್ಟಪಟ್ಟು ಅಳೆದದ್ದನ್ನು ಕೊನೆಯ ಮೆಟ್ಟಿಲಲ್ಲಿ ಐದರಿಂದ ಭಾಗಿಸಿ ಕೆಡಿಸುವುದು ಯಾವ ನ್ಯಾಯ? ಹೊಸ ಸೂತ್ರಕ್ಕೆ ಹೊಸ ಯಂತ್ರ ಬೇಡ, ಹೊಸ ಕಿಟ್ ಬೇಡ, ರೋಗಿಯಿಂದ ಒಂದು ರೂಪಾಯಿ ಹೆಚ್ಚು ಬೇಡ. ಸಾಫ್ಟ್‌ವೇರಿನ ಒಂದು ಸಾಲು ಬದಲಾದರೆ ಆಯಿತು.

ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಇರುವ ಮಗ ಕಳಿಸಿದ ರಿಪೋರ್ಟಿನಲ್ಲಿ ಎಲ್‌ಡಿಎಲ್ 3.4 ಎಂದು ನೋಡಿ ಊರಿನಲ್ಲಿ ಖುಷಿಪಡುವ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಅಲ್ಲಿ ಮಿಲಿಮೋಲ್ ಲೆಕ್ಕ, 38.7ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕದಲ್ಲಿ ಅದು 130ರ ಮೇಲೆ. ಅಲ್ಲಿ ಫ್ರೀಡ್‌ವಾಲ್ಡ್ ಲೆಕ್ಕ ಹಾಕಿದರೆ ಟ್ರೈಗ್ಲಿಸರೈಡನ್ನು ಭಾಗಿಸುವುದು ಐದರಿಂದಲ್ಲ, 2.2ರಿಂದ. ಸೂತ್ರ ಮಾತ್ರ ಅದೇ.

ಎಲ್‌ಡಿಎಲ್ ಅಂದಾಜಿನ ರಗಳೆಯನ್ನೇ ಬದಿಗೊತ್ತುವ ದಾರಿಯೂ ಇದೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಅಲ್ಲಿಗೇ ನಿಲ್ಲಿಸಿ. ರಕ್ತನಾಳಕ್ಕೆ ಕೇಡು ಮಾಡುವ ಅಷ್ಟೂ ಕಣಗಳ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಐಡಿಎಲ್, ವಿಎಲ್‌ಡಿಎಲ್, ಲೈಪೋಪ್ರೋಟೀನ್-ಎ ಎಲ್ಲವೂ ಈ ನಾನ್-ಎಚ್‌ಡಿಎಲ್‌ನಲ್ಲಿ ಸೇರಿವೆ. ಟ್ರೈಗ್ಲಿಸರೈಡ್ ಇದಕ್ಕೆ ಬೇಡ, ಉಪವಾಸವೂ ಬೇಡ, ಅಂದಾಜಂತೂ ಬೇಡವೇ ಬೇಡ. ಎಲ್‌ಡಿಎಲ್ ಗುರಿಗೆ 30 ಕೂಡಿದರೆ ಇದರ ಗುರಿ. ನಮ್ಮ ಎರಡನೇ ರಿಪೋರ್ಟಿನ ಮನುಷ್ಯನದು 105. 55ರ ಗುರಿಯವನಿಗೆ ಇದು 85ರ ಕೆಳಗಿರಬೇಕು. ಅಂದಮೇಲೆ 49ರ ಸಂಭ್ರಮಕ್ಕೆ ಅರ್ಥವಿರಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಅಪೋಬಿ ಪರೀಕ್ಷೆ: ಪ್ರತಿ ಕೇಡಿನ ಕಣದಲ್ಲೂ ಈ ಪ್ರೋಟೀನಿನ ಅಣು ಒಂದೇ ಒಂದು ಇರುವುದರಿಂದ, ಅದನ್ನು ಅಳೆದರೆ ಕಣಗಳನ್ನೇ ಎಣಿಸಿದಂತೆ. ಅದಕ್ಕೆ ಬೇರೆ ದುಡ್ಡು ತೆರಬೇಕು, ಎಲ್ಲ ಊರಲ್ಲೂ ಸಿಗದು. ನಾನ್-ಎಚ್‌ಡಿಎಲ್ ಮಾತ್ರ ಪ್ರತಿ ರಿಪೋರ್ಟಿನಲ್ಲೂ ಪುಕ್ಕಟೆ ಇದೆ. ಹೃದ್ರೋಗ ತಜ್ಞರಲ್ಲಿ ಅನೇಕರು ಇನ್ನೂ ಎಲ್‌ಡಿಎಲ್ ಸಾಲಿಗೇ ಕಣ್ಣು ನೆಟ್ಟಿರುವುದಕ್ಕೆ ಅಭ್ಯಾಸಬಲ ಬಿಟ್ಟರೆ ಇನ್ನೇನು ಕಾರಣವೋ ನನಗೆ ಹೊಳೆಯುತ್ತಿಲ್ಲ. ದೊಡ್ಡ ಔಷಧ ಪ್ರಯೋಗಗಳೆಲ್ಲ ಎಲ್‌ಡಿಎಲ್ ಭಾಷೆಯಲ್ಲೇ ಫಲಿತಾಂಶ ಹೇಳಿರುವುದೂ ಆ ಅಭ್ಯಾಸಕ್ಕೆ ನೀರೆರೆದಿದೆ.

ಸೂತ್ರ ಬದಲಿಸುವ ಲ್ಯಾಬುಗಳಿಗೆ ಒಂದು ಪ್ರಾಯೋಗಿಕ ತೊಡಕು ಇದೆ, ಅದನ್ನು ಈಗಲೇ ಯೋಚಿಸಿಟ್ಟುಕೊಳ್ಳುವುದು ಲೇಸು. ಇದೇ ಸ್ಟೆಂಟಿನ ರೋಗಿ ಆರು ತಿಂಗಳ ಹಿಂದೆ 49 ತೋರಿಸಿ ಹೋಗಿರುತ್ತಾನೆ. ಈ ನಡುವೆ ಲ್ಯಾಬು ಸ್ಯಾಂಪ್ಸನ್ ಸಮೀಕರಣಕ್ಕೆ ಹೊರಳಿದ್ದರೆ, ರಕ್ತ ಎಳ್ಳಷ್ಟೂ ಬದಲಾಗದಿದ್ದರೂ, ಈ ಸಲ 61. ಹೊರಳಿದ ಸುದ್ದಿ ತಿಳಿಯದ ವೈದ್ಯರ ಮೊದಲ ಪ್ರಶ್ನೆ, ಮಾತ್ರೆ ಬಿಟ್ಟಿದ್ದೀರಾ? ಪಕ್ಕದಲ್ಲಿ ಕೂತ ಹೆಂಡತಿಯ ಪ್ರಶ್ನೆ, ಹೊರಗಡೆ ಏನು ತಿನ್ನುತ್ತಿದ್ದೀರಿ? ಆದ್ದರಿಂದ ಎಲ್‌ಡಿಎಲ್ ಎದುರು ಸೂತ್ರದ ಹೆಸರು, ಮೊದಲ ಒಂದು ವರ್ಷ ಹಳೆಯ ಮತ್ತು ಹೊಸ ಎರಡೂ ಸಂಖ್ಯೆ, ಅವುಗಳ ಮೇಲಿನ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ನಾನ್-ಎಚ್‌ಡಿಎಲ್ ಅಚ್ಚಾಗಲಿ. ಎ4 ಹಾಳೆಯಲ್ಲಿ ಅದಕ್ಕೆ ಬೇಕಾದ ಜಾಗ ಇದೆ.